ಎರೆಮಣ್ಣಿನ ಕೊಳವೆಗಳು

ಎರೆನಾಡಿನ ಒಂದು ಊರಿನಲ್ಲಿ ಕುಂಬಾರರ ಮನೆಯ ಸೊಸೆ ಸಾತವ್ವ ಇದ್ದಳು. ಅವಳಿಗೆ ಮಡಕೆ ಮಾಡುವ ತಿಗರಿ ತಿರುಗಿಸಲು ಕಲಿಸಿದವನು ಮಾವ ಭರಮಪ್ಪ. ಆ ಊರಿನ ಕಪ್ಪು ಎರೆಮಣ್ಣು ನೀರು ಕುಡಿದರೆ ಉಬ್ಬುತ್ತಿತ್ತು, ಒಣಗಿದರೆ ಬಿರಿಯುತ್ತಿತ್ತು. ಅದರಲ್ಲಿ ಒಂದು ಗಡಿಗೆಯೂ ನಿಲ್ಲುತ್ತಿರಲಿಲ್ಲ. ಭರಮಪ್ಪ ಎರಡು ದಿನದ ದಾರಿ ಸವೆಸಿ ಬಂಡಿಯಲ್ಲಿ ಜೇಡಿಮಣ್ಣು ತರುತ್ತಿದ್ದ.

ಊರಿನ ಬಾವಿಗಳೆಲ್ಲ ಉಪ್ಪು. ಸಿಹಿನೀರಿಗೆ ಹೆಂಗಸರು ಗುಡ್ಡದ ಮೇಲಿನ ಕೆರೆಗೆ ಹೋಗಬೇಕಿತ್ತು. ಒಂದು ದಿನ ತುಂಬು ಬಸುರಿಯೊಬ್ಬಳು ಕೊಡ ಹೊತ್ತು ಬರುತ್ತ ದಾರಿಯಲ್ಲೇ ಕುಸಿದಳು. ಅವಳನ್ನು ಎತ್ತಿ ತಂದ ಸಾತವ್ವ ಮರುದಿನವೇ ಮಾವನ ಜೊತೆ ಚಾವಡಿಗೆ, ಊರಗೌಡನ ಬಳಿಗೆ ಹೋದಳು.

"ಗೌಡ್ರ, ಕೆರಿಯಿಂದ ಊರಿಗೆ ಮಣ್ಣಿನ ಕೊಳವಿ ಹಾಕೂಣ್ರಿ."

"ಸಾವಿರ ಕೊಳವಿ ಬೇಕಲ್ಲವ್ವಾ! ಅಷ್ಟು ಜೇಡಿ ಎಲ್ಲಿಂದ ತರ್ತೀ?"

"ಜೇಡಿ ಯಾಕ್ರಿ? ನಮ್ಮ ಎರಿಮಣ್ಣು ಐತಲ್ರಿ."

ಚಾವಡಿಯಲ್ಲಿದ್ದವರೆಲ್ಲ ನಕ್ಕರು. ಭರಮಪ್ಪ ತಲೆ ತಗ್ಗಿಸಿದ. ಗೌಡ ಮಾತ್ರ ನಗಲಿಲ್ಲ. "ನಿನ್ನ ಕೊಳವಿ ಎಂಟು ದಿನ ನೀರಾಗ ಮುಳುಗಿಸಿಡ್ತೀನಿ. ಕರಗಲಿಲ್ಲ ಅಂದ್ರ ಊರಿಗೂರೇ ನಿನ್ನ ಜೋಡಿ ಕೆಲಸಕ್ಕ ಬರತೈತಿ" ಎಂದ.

ಸಾತವ್ವ ಸುಮ್ಮನೆ ಆಡಿದ ಮಾತಲ್ಲ ಅದು. ಅವಳ ಮನೆಯ ಒಲೆ ಎರೆಮಣ್ಣಿನದು. ಮಳೆ ಸೋರಿದಾಗ ಒಲೆಯ ಹೊರಮೈ ರಾಡಿಯಾಗಿತ್ತು. ಬೆಂಕಿ ತಾಗಿ ಕೆಂಪಾಗಿದ್ದ ಒಳಮೈ ಒಂದಿಷ್ಟೂ ಉಬ್ಬಿರಲಿಲ್ಲ, ಕರಗಿರಲಿಲ್ಲ.

ಅವಳು ಎರೆಹೆಂಟೆಗಳನ್ನು ಕೆಂಪಾಗುವಂತೆ ಸುಟ್ಟಳು. ಕುಟ್ಟಿ, ಜರಡಿ ಹಿಡಿದು, ಆ ಪುಡಿಯನ್ನು ಹಸಿ ಎರೆಮಣ್ಣಿಗೆ ಕಲಸಿದಳು. ಆ ಮಣ್ಣಿನಲ್ಲಿ ಮಾಡಿದ ಕೊಳವೆಗಳು ನೆರಳಲ್ಲಿ ಒಣಗಿದವು, ಒಂದೂ ಬಿರಿಯಲಿಲ್ಲ! ಹಿಗ್ಗಿನಿಂದ ಮಡಕೆ ಸುಡುವ ಆವಿಗೆಯಲ್ಲಿ ಜೋಡಿಸಿ ಬೆಂಕಿ ಕೊಟ್ಟಳು. ಸೌದೆ ಕಡಿಮೆ ಇತ್ತು. ಹಬೆ ನಿಂತ ಕೂಡಲೇ ಸಾಕೆಂದು ಬೆಂಕಿ ಆರಿಸಿದಳು. ಕೊಳವೆಗಳು ನೋಡಲು ಗಟ್ಟಿಯಾಗಿಯೇ ಇದ್ದವು. ನೀರಿಗೆ ಹಾಕಿದರೆ ಸಂಜೆಯೊಳಗೆ ಕೆಸರು.

"ಬಿಟ್ಟುಬಿಡವ್ವಾ. ನಮ್ಮ ಮಣ್ಣಿನ ಗುಣಾನ ಅಂಥಾದ್ದು" ಎಂದ ಭರಮಪ್ಪ.

ಸಾತವ್ವ ಬೊಗಸೆಯಲ್ಲಿ ಕೆಸರು ಹಿಡಿದು ಬೆರಳಿನಿಂದ ತಿಕ್ಕಿ ನೋಡಿದಳು. "ಮಣ್ಣಿಂದಲ್ಲ ಮಾವಾರ, ತಪ್ಪು ನಂದು. ಮೇಲಿನ ಪಸೆ ಅಷ್ಟ ಆರಿತ್ತು. ಮಣ್ಣಿನ ಒಡಲಾಗ ಕುಂತ ನೀರು ಹೋಗೂತನಕ ಬೆಂಕಿ ಬಿಡಬಾರದಿತ್ತು."

ಮತ್ತೆ ಕೊಳವೆ ಮಾಡಿದಳು. ಹತ್ತು ದಿನ ಅಲೆದು ಜಾಲಿ ಕಡಿದು ತಂದಳು. ಈ ಸಲ ನಸುಕಿನಿಂದ ಸಣ್ಣ ಉರಿ, ಬಿಸಿಲೇರಿದ ಮೇಲೆ ದೊಡ್ಡ ಉರಿ. ಮಧ್ಯಾಹ್ನಕ್ಕೆ ಸೌದೆ ಮುಗಿಯಿತು. ಕಿಂಡಿಯಲ್ಲಿ ಇಣುಕಿದರೆ ಕೊಳವೆಗಳು ಇನ್ನೂ ಕಪ್ಪಗೇ ಇದ್ದವು. ಸಾತವ್ವ ಮನೆಯ ಮಂಚದ ಹಲಗೆಗಳನ್ನೂ ತಂದು ಒಟ್ಟಿದಳು. ಅದೂ ಸಾಲಲಿಲ್ಲ. ಅವಳ ಕಣ್ಣು ತುಂಬಿತು.

ಆಗ ಹಿಂದಿನಿಂದ ಕೊಡಲಿಯ ಸದ್ದು ಕೇಳಿತು. ಭರಮಪ್ಪ ತನ್ನ ಬಂಡಿಯನ್ನೇ ಕಡಿಯುತ್ತಿದ್ದ.

"ಮಾವಾರ! ಬಂಡಿ ಹೋದ್ರ ಜೇಡಿ ತರೋದು ಹೆಂಗ?"

"ನೀ ಗೆದ್ರ ಜೇಡಿ ಯಾಕ ಬೇಕು? ಹಿಡಿ, ಹಾಕು!"

ಗಾಲಿ ಹೋಯಿತು, ನೊಗ ಹೋಯಿತು, ಮೂಕಿ ಹೋಯಿತು. ಉರಿ ಭೋರ್ಗರೆಯಿತು. ನೋಡನೋಡುತ್ತಿದ್ದಂತೆ ಕೊಳವೆಗಳು ಕೆಂಡದ ಬಣ್ಣಕ್ಕೆ ತಿರುಗಿದವು. ಹೊತ್ತು ಮುಳುಗುವವರೆಗೂ ಆ ಬಣ್ಣ ಇಳಿಯಲು ಇಬ್ಬರೂ ಬಿಡಲಿಲ್ಲ.

ಎಂಟು ದಿನ ಕೊಳವೆಗಳು ನೀರಿನಲ್ಲಿದ್ದವು. ಒಂಬತ್ತನೆಯ ದಿನ ಗೌಡ ಊರವರ ಮುಂದೆ ಒಂದನ್ನು ಎತ್ತಿ ಬೆರಳಿನಿಂದ ಬಾರಿಸಿದ. ಅದು ಕಂಚಿನಂತೆ ಠಣ್ಣೆಂದಿತು.

ನಕ್ಕವರೇ ಮೊದಲು ಗುದ್ದಲಿ ಹಿಡಿದು ಬಂದರು. ಮನೆಮನೆಯಿಂದ ಸೌದೆ ಬಂತು. ಒಂದಾದ ಮೇಲೊಂದು ಆವಿಗೆ ಉರಿಯಿತು, ಕೊಳವೆಗಳ ಸಾಲು ಕೆರೆಯಿಂದ ಊರಿಗೆ ಇಳಿಯಿತು. ಮುಂದಿನ ಬೇಸಿಗೆಯ ಒಂದು ಬೆಳಿಗ್ಗೆ ಊರಬಾಗಿಲಿನ ತೊಟ್ಟಿಗೆ ಸಿಹಿನೀರು ಭುಸುಗುಟ್ಟುತ್ತ ಧುಮುಕಿತು. ಊರು ಹೋ ಎಂದು ಕೂಗಿತು. ಭರಮಪ್ಪ ತಲೆ ಎತ್ತಿ ಎಲ್ಲರಿಗೂ ಕೇಳುವಂತೆ ಹೇಳಿದ: "ತಿಗರಿ ಕಲಿಸಿದಾಂವ ನಾನು, ಖರೆ. ಮಣ್ಣು ಅಂದ್ರ ಏನಂತ ನನಗ ಕಲಿಸಿದಾಕಿ ನನ್ನ ಸೊಸಿ!"

ನೀತಿ: ಅರೆ ಕಾವು ಮಣ್ಣನ್ನು ಒಣಗಿಸುತ್ತದೆ ಅಷ್ಟೇ, ಪೂರ್ಣ ಕಾವು ಅದರ ಗುಣವನ್ನೇ ಬದಲಿಸುತ್ತದೆ. ಕೆಲಸಕ್ಕೆ ಬಾರದು ಎಂದು ಯಾವುದನ್ನಾದರೂ, ಯಾರನ್ನಾದರೂ ತಳ್ಳುವ ಮೊದಲು ನಮ್ಮ ಪ್ರಯತ್ನ ಪೂರ್ತಿಯಾಗಿತ್ತೇ ಎಂದು ಕೇಳಿಕೊಳ್ಳಬೇಕು.