ಇಪ್ಪತ್ತು ಹೆಜ್ಜೆ ನೆಲ

ಮಾರ್ಗಶಿರ ಬಹುಳ ತದಿಗೆ, ಬುಧವಾರ. ಬೆಳಗಿನಿಂದ ಮೋಡ ಮುಚ್ಚಿತ್ತು, ಗಾಳಿ ಇರಲಿಲ್ಲ.

"ಮೋಸದಿಂದ ಕಿತ್ತುಕೊಂಡ ನೆಲವನ್ನು ಬಂದೂಕು ಹಿಡಿದು ಬಿಡಿಸಿಕೊಂಡರೆ ತಪ್ಪೇನು, ಗುರುಗಳೇ?" ಎಂದು ಮಾಳಿಂಗ ಕೇಳಿದ. ಅವನ ಅಣ್ಣ ಬೆಟ್ಟ ಸೇರಿ ಆರು ತಿಂಗಳಾಗಿತ್ತು. ತಾನೂ ಹೋಗುವುದೆಂದು ನಿಶ್ಚಯಿಸಿ ಅಪ್ಪಣೆ ಬೇಡಲು ಬಂದಿದ್ದ. ಅಪ್ಪಣೆ ಸಿಗದಿದ್ದರೂ ಹೋಗುವವನೇ.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಗುಡ್ಡದ ಇಳಿಜಾರಿನಲ್ಲಿ ಎರಡು ಹಟ್ಟಿಗಳಿದ್ದವು, ಮೇಲಿನದೊಂದು, ಕೆಳಗಿನದೊಂದು. ಅವರ ಹೊಲಗಳ ನಡುವೆ ಗಡಿಕಲ್ಲು ಇರಲಿಲ್ಲ. ಪ್ರತಿ ವರ್ಷ ಬಿತ್ತನೆಗೆ ಮುಂಚೆ ಹಿರಿಯರೊಬ್ಬರು ಹಸಿಮಣ್ಣಿನ ಹೆಂಟೆಯನ್ನು ತಲೆಯ ಮೇಲಿಟ್ಟುಕೊಂಡು ಗಡಿಯುದ್ದಕ್ಕೂ ನಡೆಯುವರು. ಒಂದು ವರ್ಷ ಮೇಲಿನವರು, ಮರುವರ್ಷ ಕೆಳಗಿನವರು. ಮಣ್ಣು ಹೊತ್ತವರು ಸುಳ್ಳು ಹೆಜ್ಜೆ ಇಡುವುದಿಲ್ಲವೆಂದು ಎಲ್ಲರ ನಂಬಿಕೆ. ಆದರೂ ಹಿಂದೆ ಬರುವವರ ಬಾಯಿ ಸುಮ್ಮನಿರುತ್ತಿರಲಿಲ್ಲ. "ಕಾಲು ನಿನ್ನ ಹೊಲದ ಕಡೆಗೇ ಎಳೀತದಲ್ಲೋ ಮಾವ" ಎಂದು ನಗುವರು.

ಒಬ್ಬ ವ್ಯಾಪಾರಿ ಆ ಇಳಿಜಾರನ್ನೆಲ್ಲ ತನ್ನ ಹೆಸರಿಗೆ ಬರೆಸಿಕೊಂಡ. ಕಚೇರಿಯವರು ಕಾಗದ ಕೇಳಿದರು. ಇವರಲ್ಲಿ ಇರಲಿಲ್ಲ. ಮೇಲಿನ ಹಟ್ಟಿಯ ಒಬ್ಬ ರೈತನ ಮಗ ಹತ್ತು ಜನರನ್ನು ಕಟ್ಟಿಕೊಂಡು ಬಂದೂಕು ಹಿಡಿದು ಬೆಟ್ಟ ಸೇರಿದ. ಎರಡೂ ಹಟ್ಟಿಯವರು ಅವರಿಗೆ ಅನ್ನ ಮುಟ್ಟಿಸಿದರು, ಪೊಲೀಸರ ಏಟು ತಿಂದರು, ಬಾಯಿ ಬಿಡಲಿಲ್ಲ. ವ್ಯಾಪಾರಿಯ ಇಬ್ಬರು ಆಳುಗಳು ಸತ್ತರು. ಮೂರನೆಯ ವರ್ಷ ವ್ಯಾಪಾರಿ ಓಡಿಹೋದ. ನೆಲ ಮರಳಿ ಬಂತು.

ಆ ವರ್ಷ ಗಡಿ ನಡೆಯುವ ಸರದಿ ಕೆಳಗಿನ ಹಟ್ಟಿಯ ಒಬ್ಬ ಮುದುಕಿಯದು. ರೈತನ ಮಗನೂ ಬಂದೂಕು ಹೆಗಲಿಗೇರಿಸಿಕೊಂಡು ನೋಡಲು ಬಂದು ನಿಂತ. ಯಾರಿಗೂ ಏನೂ ಅನ್ನಲಿಲ್ಲ. ಮುದುಕಿ ಮಣ್ಣು ಹೊತ್ತು ಹೊರಟಳು. ಗಡಿ ಬಿಟ್ಟು, ಇಪ್ಪತ್ತು ಹೆಜ್ಜೆ ತನ್ನ ಹೊಲದೊಳಗೇ ಸರಿದು ನಡೆದಳು. ಹಿಂದಿನವರು ತಲೆ ತಗ್ಗಿಸಿಕೊಂಡು ಹಿಂಬಾಲಿಸಿದರು. ಯಾರೂ ನಗಲಿಲ್ಲ.

ರೈತ ಓಡಿಬಂದ. "ಅಕ್ಕಾ, ಇದು ಗಡಿಯಲ್ಲ. ನಿನ್ನ ನೆಲವನ್ನೇ ನಮಗೆ ಬಿಟ್ಟುಕೊಡ್ತಿದ್ದೀಯ."

"ಗೊತ್ತು ತಮ್ಮಾ. ನನಗೆ ಇಬ್ಬರು ಮೊಮ್ಮಕ್ಕಳಿದ್ದಾರೆ."

"ನನ್ನ ಮಗ ನಿಮ್ಮ ಮೇಲೆ ಕೈ ಮಾಡ್ತಾನೇನು?"

"ಮಾಡಲ್ಲ ಅಂತ ನೀನು ಹೇಳ್ತೀಯ. ಅವನು ಹೇಳಲಿಲ್ಲ."

ಬಂದೂಕು ಕೆಳಗಿಡೆಂದು ರೈತ ಮಗನಿಗೆ ಹೇಳಿದ. ಇಟ್ಟರೆ ನಾಳೆಯೇ ವ್ಯಾಪಾರಿ ತಿರುಗಿ ಬರುತ್ತಾನೆ ಎಂದ ಮಗ. ಅದೂ ನಿಜವೇ ಆಗಿತ್ತು.

ಆ ಇಪ್ಪತ್ತು ಹೆಜ್ಜೆ ನೆಲವನ್ನು ರೈತ ಉಳಲಿಲ್ಲ. ಮುದುಕಿಯೂ ಉಳಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮಾಳಿಂಗನಿಗೆ ಅಣ್ಣನ ಮುಖ ಕಣ್ಣ ಮುಂದೆ ಬಂತು.

"ಇಪ್ಪತ್ತು ಹೆಜ್ಜೆ ಪಾಳು ಬಿದ್ದರೆ ಬೀಳಲಿ, ಗುರುಗಳೇ. ಉಳಿದದ್ದೆಲ್ಲ ಕೈಗೆ ಬಂತಲ್ಲ. ಅದಕ್ಕೆ ತೆತ್ತದ್ದು ಇಷ್ಟೇ ಆದರೆ ಕಡಿಮೆಯೇ" ಎಂದ.

ಗುರುಗಳು ಹೇಳಿದರು: "ವ್ಯಾಪಾರಿಗೂ ಪೊಲೀಸರಿಗೂ ಜಗ್ಗದೆ ನಿಂತಿದ್ದ ಕೆಳಗಿನ ಹಟ್ಟಿಯ ಹನ್ನೊಂದು ಮನೆಯವರು, ಮರುವರ್ಷ ಬಿತ್ತನೆಗೆ ಮುಂಚೆ, ನೆರೆಯವನಿಗೆ ಹೆದರಿ ಊರು ಬಿಟ್ಟರು."