ಹನ್ನೆರಡು ಹಸಿರು ಚುಕ್ಕೆ

“ಅಜ್ಜಾರ, ನಿಯಮ ಎಷ್ಟು ಬಿಗಿ ಮಾಡಿದ್ರ ಮುರಿಯೋರು ಇಲ್ಲದಂಗ ಆಗತಾರ?”

ಕೇಳಿದವನು ಪಂಚಾಕ್ಷರಿ. ಮಠದ ಶಾಲೆಗಳ ಕಚೇರಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ಅವನದು. ಯಾವ ಕಂಪ್ಯೂಟರಿನಲ್ಲಿ ಏನು ಮಾಡಬಹುದು, ಏನು ಮಾಡಬಾರದು ಎಂದು ಆ ತಿಂಗಳು ಅವನು ಕಟ್ಟಳೆ ಹಾಕಿದ್ದ. ಏಳು ಜನ ಅದನ್ನು ಮೀರಿದ್ದರು. ಅವರಿಗೆ ನೋಟಿಸು ಕೊಡಲು ಅಪ್ಪಣೆ ಕೇಳಲು ಬಂದಿದ್ದ.

ಅಜ್ಜಾರು ಆ ಮಠದ ಹಿರಿಯ ಸ್ವಾಮಿಗಳು. ಪ್ರೀತಿ ಬಂದರೆ ಬೈಯುವುದು, ಸಿಟ್ಟು ಬಂದರೆ ಕತೆ ಹೇಳುವುದು ಅವರ ರೂಢಿ. ಅವತ್ತು ಅವರು ಬೈಯಲಿಲ್ಲ. ಪಂಚಾಕ್ಷರಿಯನ್ನು ಎದುರಿಗೆ ಕೂರಿಸಿಕೊಂಡು ಕತೆ ತೆಗೆದರು.

ಒಂದು ಊರಿನಲ್ಲಿ ಒಂದು ಔಷಧ ಉಗ್ರಾಣವಿತ್ತು. ಸುತ್ತಲಿನ ನಲವತ್ತು ಹಳ್ಳಿಗಳ ದವಾಖಾನೆಗಳಿಗೆ ಔಷಧ ಹೋಗುತ್ತಿದ್ದುದು ಅಲ್ಲಿಂದಲೇ. ಕಚೇರಿ ಸಣ್ಣದು. ಹನ್ನೆರಡು ಕಂಪ್ಯೂಟರು, ಅವುಗಳ ಮುಂದೆ ಹನ್ನೆರಡು ಜನ. ಎಲ್ಲವನ್ನೂ ನೋಡಿಕೊಳ್ಳಲು ಒಬ್ಬ ಮೇಲ್ವಿಚಾರಕ.

ಅವನು ಬರುವ ಮುಂಚೆ ಅಲ್ಲಿ ಆಡಿದ್ದೇ ಆಟವಾಗಿತ್ತು. ಒಬ್ಬ ಮನೆಯಿಂದ ಪೆನ್‌ಡ್ರೈವ್ ತಂದು ಸಿನಿಮಾ ನೋಡುತ್ತಿದ್ದ. ಇನ್ನೊಬ್ಬ ಪಾಸ್‌ವರ್ಡ್ ಮರೆಯದಿರಲೆಂದು ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಯುಗಾದಿಯ ಮನೆಯೊಳಗೆ ಬರೆದಿಟ್ಟಿದ್ದ. ಒಂದು ಸಲ ಯಾರದೋ ಪೆನ್‌ಡ್ರೈವಿನಿಂದ ವೈರಸ್ ಹೊಕ್ಕು ಹದಿನೈದು ದಿನಗಳ ದಾಖಲೆ ಅಳಿಸಿಹೋಯಿತು. ಯಾವ ಹಳ್ಳಿಗೆ ಯಾವ ಔಷಧ ಹೋಗಿದೆ ಎಂದು ಯಾರಿಗೂ ತಿಳಿಯದೆ, ಕಚೇರಿಗೆ ಕಚೇರಿಯೇ ಒಂದು ವಾರ ಫೋನ್ ಹಿಡಿದು ಕೂತಿತು. ನಿಯಮ ಬೇಕಾಗಿತ್ತು. ಅದನ್ನು ಅಲ್ಲಗಳೆಯುವವನಿಗೆ ಬುದ್ಧಿ ಇಲ್ಲ.

ಮೇಲ್ವಿಚಾರಕ ತನ್ನ ಕೋಣೆಯ ಒಂದು ಯಂತ್ರದಲ್ಲಿ ನಿಯಮಗಳನ್ನು ಬರೆದಿಟ್ಟ. ಅಲ್ಲಿ ಬರೆದದ್ದು ಹನ್ನೆರಡು ಕಂಪ್ಯೂಟರಿಗೂ ಹೋಗಿ ಮುಟ್ಟುತ್ತಿತ್ತು. ಯಾರಾದರೂ ತಮ್ಮ ಕಂಪ್ಯೂಟರಿನಲ್ಲಿ ಬದಲಾಯಿಸಿಕೊಂಡರೆ ಒಂದೂವರೆ ಗಂಟೆಯೊಳಗೆ ಅದು ತಾನಾಗಿ ಮೊದಲಿನಂತಾಗುತ್ತಿತ್ತು. ಪೆನ್‌ಡ್ರೈವ್ ನಡೆಯುವಂತಿಲ್ಲ. ಕುರ್ಚಿ ಬಿಟ್ಟು ಎದ್ದರೆ ಹತ್ತು ನಿಮಿಷದಲ್ಲಿ ಪರದೆಗೆ ಬೀಗ. ಗುರುತಿಲ್ಲದ ತಂತ್ರಾಂಶ ಒಳಗೆ ಬರುವಂತಿಲ್ಲ. ಕಚೇರಿ ಹದಕ್ಕೆ ಬಂತು. ಉಗ್ರಾಣದ ಕಾರ್ಯದರ್ಶಿ ಅವನ ಬೆನ್ನು ತಟ್ಟಿದರು.

ಬೆನ್ನು ತಟ್ಟಿಸಿಕೊಂಡವನು ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಪರದೆಯ ಮೇಲಿನ ಚಿತ್ರ ಎಲ್ಲರಿಗೂ ಒಂದೇ ಇರಲಿ ಎಂದ. ಮೌಸು ಎಲ್ಲರ ಬಲಗೈಯಲ್ಲೇ ಇರಲಿ ಎಂದ. ಕೊನೆಗೆ ಅಕ್ಷರದ ಗಾತ್ರವನ್ನೂ ಗೊತ್ತುಮಾಡಿದ. ಅಕ್ಷರ ಸಣ್ಣದಿದ್ದರೆ ಔಷಧಗಳ ಪಟ್ಟಿ ಪೂರ್ತಿಯಾಗಿ ಒಂದೇ ನೋಟಕ್ಕೆ ಸಿಗುತ್ತದೆ, ಮೇಲೆ ಕೆಳಗೆ ಸರಿಸುತ್ತ ಕೂರಬೇಕಿಲ್ಲ ಎಂಬುದು ಅವನ ವಿಚಾರ. ಕೆಟ್ಟ ವಿಚಾರವೇನಲ್ಲ. ಮೊದಲು ತನ್ನ ಕಂಪ್ಯೂಟರಿನಲ್ಲೇ ಹಾಕಿ ಪರೀಕ್ಷೆ ಮಾಡಿದ. ಚೆನ್ನಾಗಿ ಕಂಡಿತು. ಕಾಣದೆ ಏನು? ಅವನ ಪರದೆ ಹೊಸದು, ಉಳಿದವರದಕ್ಕಿಂತ ಎರಡರಷ್ಟು ಅಗಲ. ಅದು ಅವನಿಗೆ ಹೊಳೆಯಲೇ ಇಲ್ಲ. ಅತಿಯಾದರೆ ಅಮೃತವೂ ವಿಷ ಎನ್ನುವುದು ಉಣ್ಣುವವನಿಗೆ ತಿಳಿಯುತ್ತದೆ, ಬಡಿಸುವವನಿಗೆ ತಿಳಿಯುವುದಿಲ್ಲ.

ಅವನ ಪರದೆಯ ಒಂದು ಮೂಲೆಯಲ್ಲಿ ಹನ್ನೆರಡು ಚುಕ್ಕೆಗಳಿದ್ದವು. ಕಂಪ್ಯೂಟರಿಗೆ ಒಂದರಂತೆ. ನಿಯಮದಂತೆ ಇದ್ದರೆ ಹಸಿರು, ಯಾರಾದರೂ ಬದಲಾಯಿಸಿದರೆ ಕೆಂಪು. ಹನ್ನೊಂದು ಚುಕ್ಕೆ ದಿನವಿಡೀ ಹಸಿರಾಗಿರುತ್ತಿದ್ದವು. ಒಂಬತ್ತನೆಯದು ದಿನಕ್ಕೆ ಐದಾರು ಸಲ ಕೆಂಪಾಗುತ್ತಿತ್ತು. ಅಕ್ಷರದ ಗಾತ್ರ ಬದಲಾಗಿದೆ ಎಂದು ತೋರಿಸುತ್ತಿತ್ತು. ಅವನು ಪ್ರತಿ ಸಲವೂ ತಾರೀಖು, ಹೊತ್ತು ಎಲ್ಲವನ್ನೂ ಬರೆದುಕೊಂಡ. ನಾಲ್ಕು ತಿಂಗಳು ಬರೆದುಕೊಂಡ.

ಒಂಬತ್ತನೆಯ ಕಂಪ್ಯೂಟರಿನ ಮುಂದೆ ಕೂರುತ್ತಿದ್ದವಳು ನೀಲಗಂಗಾ ಎಂಬ ಗುಮಾಸ್ತೆ. ವಯಸ್ಸು ಐವತ್ತೈದರ ಹತ್ತಿರ. ಯಾವ ಪೆಟ್ಟಿಗೆ ಯಾವ ಹಳ್ಳಿಗೆ ಹೋಗಬೇಕೆಂದು ಗುರುತು ಹಾಕುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದಳು. ಒಂಟಿ ಹೆಂಗಸು, ಅವಳ ಮನೆ ನಡೆಯುತ್ತಿದ್ದುದು ಆ ಕುರ್ಚಿಯಿಂದ. ಹಳೆಯ ಕಾಲದವಳು, ಹೇಳಿದ ಮಾತು ಕೇಳುವುದಿಲ್ಲ ಎಂದು ಮೇಲ್ವಿಚಾರಕ ತೀರ್ಮಾನ ಮಾಡಿದ್ದ.

ಎದ್ದು ಹೋಗಿ ಕೇಳಿದರೆ ಹತ್ತು ಹೆಜ್ಜೆ. ಅವನು ಏಳಲಿಲ್ಲ. ಕೂತಲ್ಲೇ ಒಂದೂವರೆ ಗಂಟೆಯನ್ನು ಹತ್ತು ನಿಮಿಷಕ್ಕೆ ಇಳಿಸಿದ. ಈಗ ಯಾರು ಏನು ಬದಲಾಯಿಸಿದರೂ ಹತ್ತು ನಿಮಿಷದಲ್ಲಿ ಮೊದಲಿನಂತೆ.

ಮೂರನೆಯ ದಿನಕ್ಕೆ ಒಂಬತ್ತನೆಯ ಚುಕ್ಕೆ ಹಸಿರಾಯಿತು. ಮತ್ತೆ ಕೆಂಪಾಗಲಿಲ್ಲ. ನಾಲ್ಕು ತಿಂಗಳಲ್ಲಿ ಮೊದಲ ಸಲ ಹನ್ನೆರಡೂ ಹಸಿರು. ಅವನಿಗೆ ಹಿಗ್ಗೋ ಹಿಗ್ಗು. ಪೇಢೆ ತರಿಸಿ ಎಲ್ಲರಿಗೂ ಹಂಚಿದ. ಯಾಕೆ ಪೇಢೆ ಎಂದು ಯಾರೂ ಕೇಳಲಿಲ್ಲ. ನೀಲಗಂಗಾ ಕೂಡ ಒಂದು ತಿಂದಳು.

ಮುಂದಿನ ವಾರ ಒಂದು ಹಳ್ಳಿಯ ದವಾಖಾನೆಯಿಂದ ನರ್ಸಮ್ಮ ಫೋನ್ ಮಾಡಿದಳು. ಮಕ್ಕಳ ಜ್ವರದ ಔಷಧ ಬಂದಿದೆ, ಆದರೆ ಬಾಟಲಿಯ ಮೇಲೆ ನೋಡಿದರೆ ಅವಧಿ ಮುಗಿದಿದೆ ಎಂದಳು. ಒಂದು ಬಾಟಲಿಯನ್ನೂ ತೆರೆಯದೆ ಪೆಟ್ಟಿಗೆಯನ್ನು ಬದಿಗಿಟ್ಟಿದ್ದಳು. ದೇವರು ದೊಡ್ಡವನು, ನರ್ಸಮ್ಮ ಅವನಿಗಿಂತ ಒಂದು ಕೈ ಮೇಲು. ಕಂಪನಿಗೆ ಹಿಂದಕ್ಕೆ ಕಳಿಸಲೆಂದು ಉಗ್ರಾಣದಲ್ಲಿ ತೆಗೆದಿಟ್ಟಿದ್ದ ಪೆಟ್ಟಿಗೆ ಅದು. ಅದರ ಸಂಖ್ಯೆಯ ಕೊನೆಯ ಅಂಕಿ ಮೂರು. ಹೋಗಬೇಕಾಗಿದ್ದ ಪೆಟ್ಟಿಗೆಯದು ಎಂಟು. ಯಾರೋ ಮೂರನ್ನು ಎಂಟೆಂದು ಓದಿದ್ದರು.

ಕಾರ್ಯದರ್ಶಿ ಕೆಂಡವಾದರು. ಇದು ಯಾರ ಕೈಯಿಂದ ಆಯಿತೆಂದು ಶನಿವಾರದೊಳಗೆ ತನಗೆ ಗೊತ್ತಾಗಬೇಕು, ಆ ಮನುಷ್ಯ ಸೋಮವಾರ ಕೆಲಸಕ್ಕೆ ಬರಕೂಡದು ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸರದಿ ಅವತ್ತು ಎಲ್ಲರಿಗೂ ಬಂತು.

ಮೇಲ್ವಿಚಾರಕ ದಾಖಲೆ ತೆಗೆದ. ಗುರುತು ಬಿದ್ದದ್ದು ಒಂಬತ್ತನೆಯ ಕಂಪ್ಯೂಟರಿನಿಂದ. ತಾನು ಅಂದುಕೊಂಡದ್ದೇ ನಿಜವಾಯಿತು ಎಂದುಕೊಂಡ. ನಿಯಮ ಮುರಿದವಳು ಕೆಲಸವನ್ನೂ ಕೆಡಿಸಿದ್ದಾಳೆ ಎಂದು ವರದಿ ಬರೆಯಲು ಕೂತ. ಮುರಿದ ದಿನಗಳನ್ನು ವರದಿಗೆ ಸೇರಿಸೋಣವೆಂದು ತನ್ನ ಪಟ್ಟಿ ತೆರೆದ. ಔಷಧ ತಪ್ಪಿ ಹೋದ ದಿನ ಹುಡುಕಿದ. ಆ ದಿನ ಒಂಬತ್ತನೆಯ ಚುಕ್ಕೆ ಹಸಿರು. ಅದರ ಹಿಂದಿನ ದಿನವೂ ಹಸಿರು. ಆ ವಾರವೆಲ್ಲ ಹಸಿರು.

ಅವನ ಪೆನ್ನು ನಿಂತಿತು. ನಾಲ್ಕು ತಿಂಗಳು ನಿಯಮ ಮುರಿದಾಗ ಅವಳ ಕೆಲಸದಲ್ಲಿ ಒಂದು ತಪ್ಪಿರಲಿಲ್ಲ. ನಿಯಮ ಪಾಲಿಸಿದ ಮೊದಲ ವಾರದಲ್ಲೇ ತಪ್ಪಾಗಿತ್ತು. ಮನುಷ್ಯ ಹಟಮಾರಿಯಾಗಿದ್ದರೂ ಸುಳ್ಳನಲ್ಲ. ಈ ಲೆಕ್ಕ ಅವನಿಗೆ ಹೊಂದಲಿಲ್ಲ, ಹೊಂದದ್ದನ್ನು ಹೊಂದಿತೆಂದು ಬರೆಯಲು ಕೈ ಬರಲಿಲ್ಲ. ಅವನಲ್ಲಿ ನನಗೆ ಇಷ್ಟವಾಗುವುದು ಅದೊಂದೇ ಗುಣ ಎಂದರು ಅಜ್ಜಾರು. ಆದರೆ ಆ ಒಂದು ಗುಣ ಸಾಕು.

ಊಟದ ಹೊತ್ತಿಗೆ ಅವನು ಆ ಹತ್ತು ಹೆಜ್ಜೆ ನಡೆದು ಹೋಗಿ ನೀಲಗಂಗಾಳ ಕುರ್ಚಿಯಲ್ಲಿ ಕೂತ. ಕಚೇರಿ ಶುರುವಾದಾಗ ಕೊಂಡಿದ್ದ ಹಳೆಯ ಸಣ್ಣ ಪರದೆ. ಔಷಧಗಳ ಪಟ್ಟಿ ತೆರೆದ. ಎಲ್ಲವೂ ಅವನು ಗೊತ್ತುಮಾಡಿದಂತೆಯೇ ಇತ್ತು. ಪಟ್ಟಿ ಪೂರ್ತಿ ಒಂದೇ ನೋಟಕ್ಕೆ ಸಿಗುತ್ತಿತ್ತು, ಓದಲು ಮಾತ್ರ ಬರುತ್ತಿರಲಿಲ್ಲ. ಮೂವತ್ತರ ಕಣ್ಣು ಅವನದು. ಆದರೂ ಮೂಗನ್ನು ಪರದೆಗೆ ತಾಗಿಸುವಷ್ಟು ಬಗ್ಗಬೇಕಾಯಿತು. ಮೂರು ಯಾವುದು, ಎಂಟು ಯಾವುದು ಎಂದು ಅವನು ಎರಡು ಸಲ ತಪ್ಪಿದ.

ಊಟ ಮುಗಿಸಿ ನೀಲಗಂಗಾ ಬಂದಳು. ತನ್ನ ಕುರ್ಚಿಯಲ್ಲಿ ಅವನನ್ನು ಕಂಡು ಕೆಲಸ ಹೋಯಿತೆಂದೇ ತಿಳಿದಳು. ಅವನು ಎದ್ದು ನಿಂತು ಕೇಳಿದ.

“ಅಕ್ಕಾರ, ಈ ಅಕ್ಷರ ನಿಮಗ ಕಾಣಸ್ತಾವೇನ್ರಿ?”

“ಇಲ್ರಿ ಸರ. ಮೊದಲ ದೊಡ್ಡು ಮಾಡ್ಕೋತಿದ್ದೆ, ಮತ್ತ ತಾವ ಸಣ್ಣು ಆಗತಿದ್ದೂ. ಮಷೀನ್ ಕೆಟ್ಟೈತಿ ಅಂದ್ಕೊಂಡು ಮತ್ತ ದೊಡ್ಡು ಮಾಡತಿದ್ದೆ. ಈಗೀಗ ಮಾಡಿದ ಕೂಡ್ಲೇ ಸಣ್ಣು ಆಗ್ತಾವ್ರಿ, ಅದಕ್ಕ ಕೈಬಿಟ್ಟೆ. ಕಣ್ಣು ಮಂಜಾಗ್ಯಾವು ಅಂತ ಬಾಯಿಬಿಟ್ಟು ಹೇಳಿದ್ರ, ಇನ್ನ ಮನಿಗೆ ನಡೀರಿ ಅಂತೀರಿ ಅಂತ ಅಂಜಿಕಿ.”

ಅವನಿಗೆ ನಾಚಿಕೆಯಾಯಿತು. ಕೋಣೆಗೆ ಹೋಗಿ ಅರ್ಧ ಬರೆದ ವರದಿಯನ್ನು ಹರಿದು ಬೇರೆ ಬರೆದ. ತಪ್ಪು ತನ್ನ ನಿಯಮದ್ದು, ಆ ಹೆಂಗಸು ನಾಲ್ಕು ತಿಂಗಳು ಆ ನಿಯಮದ ಜೊತೆ ಗುದ್ದಾಡಿ ಹಳ್ಳಿಗಳನ್ನು ಕಾಯ್ದಿದ್ದಾಳೆ, ಸೋಮವಾರ ಬರಕೂಡದವರು ಯಾರಾದರೂ ಇದ್ದರೆ ಅದು ತಾನು ಎಂದು ಬರೆದು ಸಹಿ ಹಾಕಿದ. ಕಾರ್ಯದರ್ಶಿ ಓದಿದರು. ಅವರೂ ಕನ್ನಡಕದವರು. ಎದ್ದು ಹೋಗಿ ಒಂಬತ್ತನೆಯ ಪರದೆಯನ್ನು ತಾವೇ ನೋಡಿದರು. ಇಬ್ಬರೂ ಸೋಮವಾರ ಕೆಲಸಕ್ಕೆ ಬರಲಿ ಎಂದರು.

ಸೋಮವಾರ ಅವನು ನಿಯಮಗಳನ್ನೆಲ್ಲ ಎದುರಿಗಿಟ್ಟುಕೊಂಡು ಜಾಲಿಸಿದ. ಒಬ್ಬ ಮೀರಿದರೆ ಎಲ್ಲರಿಗೂ ಕೇಡಾಗುವಂಥವನ್ನು ಮೊದಲಿನಷ್ಟೇ ಬಿಗಿಯಾಗಿ ಉಳಿಸಿದ. ಕೂತವರ ಕಣ್ಣು ಕೈಗಳಿಗೆ ಸೇರಿದ್ದನ್ನು ಕೂತವರಿಗೇ ಬಿಟ್ಟ. ನೀಲಗಂಗಾಳ ಪರದೆಯಲ್ಲಿ ಅಕ್ಷರ ದೊಡ್ಡದಾಯಿತು. ಎಡಗೈಯವನೊಬ್ಬ ನಾಲ್ಕು ತಿಂಗಳು ಬಲಗೈಯಲ್ಲಿ ಮೌಸು ಹಿಡಿದು ಸುಮ್ಮನೆ ಒದ್ದಾಡಿದ್ದನೆಂಬುದೂ ಆಗಲೇ ಹೊರಬಿತ್ತು. ಇದೇ ಸಂದು ಎಂದು ಮತ್ತೊಬ್ಬ ಅಳಿಯನ ಮದುವೆಯ ವಿಡಿಯೋ ನೋಡಲು ಪೆನ್‌ಡ್ರೈವಿಗೆ ವಿನಾಯಿತಿ ಕೇಳಿದ. ಮದುವೆಗೆ ನೀವೇ ಹೋಗಿದ್ದಿರಲ್ಲ ಎಂದು ಮೇಲ್ವಿಚಾರಕ ಅವನನ್ನು ಹಿಂದಕ್ಕೆ ಕಳಿಸಿದ.

ಅಲ್ಲಿಯವರೆಗೆ ಮೇಲ್ವಿಚಾರಕನ ಹೆಜ್ಜೆ ಸಪ್ಪಳ ಕೇಳಿದರೆ ಜನ ಪರದೆಯ ಮೇಲಿದ್ದದ್ದನ್ನು ಮುಚ್ಚುತ್ತಿದ್ದರು. ಆಮೇಲೆ ಅವನನ್ನು ಕರೆದು ತೋರಿಸತೊಡಗಿದರು. ಮಳೆಗಾಲದ ಕೊನೆಗೆ ಒಂದು ದಿನ ನೀಲಗಂಗಾಳ ಕಂಪ್ಯೂಟರಿಗೆ ಒಂದು ಪತ್ರ ಬಂತು. ದಿನವೂ ಬರುವ ಪತ್ರಗಳಂತೆಯೇ ಇತ್ತು, ಜೊತೆಗೆ ಒಂದು ಕಡತ. ಕಳಿಸಿದವರ ವಿಳಾಸದಲ್ಲಿ ಒಂದಕ್ಷರ ಹೆಚ್ಚಿಗೆ ಇತ್ತು. ದೊಡ್ಡ ಅಕ್ಷರವಾದ್ದರಿಂದ ಅದು ಅವಳ ಕಣ್ಣಿಗೆ ಬಿತ್ತು. ಅವಳು ಕಡತವನ್ನು ತೆರೆಯಲಿಲ್ಲ. ಅವನನ್ನು ಕರೆದಳು. ಅವನು ಓಡಿ ಬಂದು ನೋಡಿದ, ಕಡತದೊಳಗೆ ವೈರಸ್ ಇತ್ತು. ಅದೇ ಪತ್ರ ಉಳಿದ ಹನ್ನೊಂದು ಕಂಪ್ಯೂಟರಿಗೂ ಬಂದಿತ್ತು, ಇನ್ನೂ ಯಾರೂ ತೆರೆದಿರಲಿಲ್ಲ. ಎಲ್ಲ ಕಡೆಯಿಂದಲೂ ಅದನ್ನು ತೆಗೆದುಹಾಕಿದ. ನಲವತ್ತು ಹಳ್ಳಿಗಳಿಗೆ ಅವತ್ತೂ ಔಷಧ ಹೊತ್ತಿಗೆ ಸರಿಯಾಗಿ ಹೋಯಿತು.

ಕತೆ ಮುಗಿಯಿತು. ಪಂಚಾಕ್ಷರಿಯ ಮನಸ್ಸು ಪೂರ್ತಿ ಒಪ್ಪಿರಲಿಲ್ಲ.

“ಆದ್ರೂ ಅಜ್ಜಾರ, ಆ ಅಕ್ಕಾರದೂ ತಪ್ಪೈತಲ್ರಿ. ನಾಕ ತಿಂಗಳಾಗ ಒಂದ ಸಲನಾದ್ರೂ ಹೇಳಬೇಕಿತ್ತು.”

ಅಜ್ಜಾರು ಅವನ ಮುಖ ನೋಡಿ ಹೇಳಿದರು: “ದಿನಾ ಐದಾರು ಸಲ ಹೇಳತಿದ್ಲಲ್ಲೋ, ಅಂವ ಅದನ್ನ ತಪ್ಪಂತ ಬರಕೋತಿದ್ದ.”