ಓದುವವನ ಪೆಟ್ಟಿಗೆ

"ಗುರುಗಳೇ, ದೂರದ ದಾರಿಗೆ ಎಂಥ ಕಾದಂಬರಿಗಳನ್ನು ಒಯ್ಯಬೇಕು?" ಎಂದು ಶಿಷ್ಯ ಮಹಾಂತ ಕೇಳಿದ. ಮರುದಿನ ಅವನು ಐವತ್ತು ಜನರ ಜೊತೆ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೊರಡುವವನಿದ್ದ. ದಾರಿಯಲ್ಲಿ ಅವರಿಗೆ ಓದಿ ಹೇಳುವ ಕೆಲಸ ಈ ಸಲ ಅವನ ಪಾಲಿಗೆ ಬಂದಿತ್ತು. ಪುಸ್ತಕಗಳನ್ನು ಅವನು ಆಗಲೇ ಆರಿಸಿ ಪೆಟ್ಟಿಗೆಗೆ ತುಂಬಿಟ್ಟಿದ್ದ. ಕೇಳಿದ್ದು ಗುರುಗಳಿಂದ ಭೇಷ್ ಅನ್ನಿಸಿಕೊಳ್ಳುವುದಕ್ಕೆ.

ಗುರುಗಳು "ಕೂತುಕೋ" ಎಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ಚೆನ್ನಾಗಿ ಓದಿಕೊಂಡವನು. ಅದು ಊರಿಗೆಲ್ಲ ಗೊತ್ತಿರುವಂತೆ ಅವನೇ ನೋಡಿಕೊಂಡಿದ್ದ. ಆ ಊರಿನವರೂ ವರ್ಷಕ್ಕೊಮ್ಮೆ ಶ್ರೀಶೈಲಕ್ಕೆ ನಡೆಯುತ್ತಿದ್ದರು. ಮಧ್ಯಾಹ್ನ ಬಿಸಿಲು ಇಳಿಯುವ ತನಕ ಮರದ ನೆರಳಲ್ಲಿ ಕೂತು ಕಾದಂಬರಿ ಓದಿಸಿ ಕೇಳುವುದು ಅವರ ರೂಢಿ. ಓದುವವನು ಕೈಬೀಸಿಕೊಂಡು ನಡೆಯಬೇಕು, ಅವನ ಪುಸ್ತಕದ ಪೆಟ್ಟಿಗೆಯನ್ನು ಉಳಿದವರು ಹೊರಬೇಕು. ಏದುಸಿರು ಬಿಡುವವನು ಓದಿದರೆ ಕೇಳುವುದು ಹೇಗೆ? ಓದು ಹಿಡಿಸದಿದ್ದರೆ ನಡುದಾರಿಯಲ್ಲೇ ಬೇರೆಯವರನ್ನು ಕೂರಿಸುತ್ತಿದ್ದರು. ಹಾಗೆ ಎಬ್ಬಿಸಿಕೊಂಡವನು ಊರಲ್ಲಿ ಮತ್ತೆ ತಲೆಯೆತ್ತಿದ್ದು ಕಡಿಮೆ.

ಆ ವರ್ಷ ವ್ಯಾಪಾರಿಯ ಸರದಿ. ಅವನು ಉಬ್ಬಿಹೋದ. ಊರಲ್ಲಿ ಯಾರ ಮನೆಯಲ್ಲೂ ಇಲ್ಲದ, ಪಂಡಿತರು ತಲೆದೂಗಿದ ದಪ್ಪ ದಪ್ಪ ಕಾದಂಬರಿಗಳನ್ನೇ ಆರಿಸಿದ. ಕೆಲವು ಅವನಿಗೂ ಅರ್ಧಕ್ಕರ್ಧ ತಿಳಿದಿರಲಿಲ್ಲ. ಇರಲಿ, ಇಂಥದ್ದನ್ನೆಲ್ಲ ಓದುತ್ತಾನಲ್ಲ ಎಂದು ಜನ ಬೆರಗಾದರೆ ಸಾಕಿತ್ತು.

ಮೊದಲೆರಡು ದಿನ ಜನ ಕೈಕಟ್ಟಿ ಕೂತು ಕೇಳಿದರು. ನಾಲ್ಕನೆಯ ದಿನ ಅರ್ಧ ಜನ ಅಡ್ಡಾದರು. ಆರನೆಯ ದಿನ ಗೊರಕೆ ಕೇಳಿಸಿತು. ವ್ಯಾಪಾರಿ ದನಿ ಏರಿಸಿದ. ಇವರ ಯೋಗ್ಯತೆಯೇ ಇಷ್ಟು ಎಂದುಕೊಂಡ. ಒಬ್ಬ ರೈತ ಮಾತ್ರ ಕಣ್ಣು ಮುಚ್ಚದೆ ಕೇಳುತ್ತಿದ್ದ. ಮೊದಲ ದಿನದಿಂದ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತವನು ಅವನೇ, ಕತ್ತು ಊದಿಕೊಂಡಿದ್ದರೂ ಬೇರೆಯವರಿಗೆ ಕೊಟ್ಟಿರಲಿಲ್ಲ.

ಏಳನೆಯ ದಿನ ಹಿರಿಯರು ಬಂದು, "ಸಾಹುಕಾರ್ರೇ, ನಾಳೆಯಿಂದ ಬೇರೆ ಯಾರಾದರೂ ಓದಲಿ" ಎಂದರು. ವ್ಯಾಪಾರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವನು ನೇರ ರೈತನ ಬಳಿ ಹೋದ.

"ಇವರೊಳಗೆ ತಿಳಿದವನು ನೀನೊಬ್ಬನೇ. ಒಂದು ಮಾತು ಹೇಳಪ್ಪ ಇವರಿಗೆ."

"ನನಗೂ ಏನೂ ತಿಳಿಯಲಿಲ್ರಿ. ಇಷ್ಟು ಭಾರ ಹೊತ್ತಿದ್ದೀನಿ, ಒಳಗೇನಿದೆ ಅಂತ ಇವತ್ತಾದರೂ ಗೊತ್ತಾದೀತು ಅಂತ ದಿನಾ ಎಚ್ಚರ ಇದ್ದೆ. ನಿಮ್ಮ ಬಗಲಚೀಲದಲ್ಲೂ ಒಂದು ಪುಸ್ತಕ ಇದೆಯಲ್ಲ, ಅದನ್ನು ಯಾರಿಗೂ ಕೊಡದೆ ನೀವೇ ಹೊತ್ತಿದ್ದೀರಿ. ಅದರಲ್ಲಿ ಏನಿದೆ?"

ವ್ಯಾಪಾರಿಯ ಮುಖ ಕೆಂಪಾಯಿತು. ಅದು ರಟ್ಟು ಕಿತ್ತುಹೋದ ಹಳೆಯ ಕಾದಂಬರಿ. ಗಂಡನನ್ನು ಹುಡುಕುತ್ತ ಊರೂರು ಅಲೆಯುವ ಒಬ್ಬ ಬಳೆಗಾರ್ತಿಯ ಕತೆ. ಹದಿನಾರು ವರ್ಷದವನಿದ್ದಾಗಿನಿಂದ ಅದನ್ನು ಓದಿ ಒಬ್ಬನೇ ಅಳುತ್ತಿದ್ದ, ಒಬ್ಬನೇ ನಗುತ್ತಿದ್ದ. ಇದನ್ನು ಓದುತ್ತಾನೆ ಎಂದು ಜನಕ್ಕೆ ತಿಳಿದರೆ ಮರ್ಯಾದೆ ಏನಾಗಬೇಕು ಎಂದು ಬಚ್ಚಿಟ್ಟಿದ್ದ. ಈಗ ಬಚ್ಚಿಡುವ ಮರ್ಯಾದೆಯೂ ಉಳಿದಿರಲಿಲ್ಲ. ತೆಗೆದು ರೈತನೊಬ್ಬನಿಗೇ ಓದತೊಡಗಿದ. ಐದನೆಯ ಪುಟಕ್ಕೆ ಮಲಗಿದ್ದವರು ಎದ್ದು ಹತ್ತಿರ ಬಂದರು. ಬಿಸಿಲು ಇಳಿದರೂ ಯಾರೂ ಏಳಲಿಲ್ಲ. ಹಿರಿಯರೇ, "ಮುಂದೆ ಓದಿ" ಎಂದರು.

ಮರುದಿನ ವ್ಯಾಪಾರಿ ಪೆಟ್ಟಿಗೆಯನ್ನು ದಾರಿಯ ಒಂದು ಮಠಕ್ಕೆ ಕೊಟ್ಟುಬಿಟ್ಟ. ಆ ಹರಕು ಪುಸ್ತಕವನ್ನು ಎಲ್ಲರಿಗೂ ಕಾಣುವಂತೆ ಎದೆಗೆ ಹಿಡಿದು ಮುಂದೆ ಮುಂದೆ ನಡೆದ. ಅಂಥ ಹೆಮ್ಮೆ ಅವನಿಗೆ ಹಿಂದೆಂದೂ ಆಗಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಸುಲಭದ ಕಾದಂಬರಿಗಳನ್ನೇ ಒಯ್ಯಲೇ?" ಎಂದು ಮಹಾಂತ ಕೇಳಿದ.

"ಎಂಥದ್ದನ್ನಾದರೂ ಒಯ್ಯಿ, ಪೆಟ್ಟಿಗೆಯನ್ನು ಮಾತ್ರ ನೀನೇ ಹೊರು" ಎಂದರು ಗುರುಗಳು.

ಮಹಾಂತ ಎದ್ದು ಹೋಗಿ, ತುಂಬಿಟ್ಟಿದ್ದ ಪೆಟ್ಟಿಗೆಯನ್ನು ಬಿಚ್ಚಿ ಪುಸ್ತಕಗಳನ್ನು ಮೊದಲಿನಿಂದ ಆರಿಸತೊಡಗಿದ.